ಒಂದು ಪ್ರಿಂಟರ್, ಮೂರು ಕಂಪ್ಯೂಟರ್: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪ್ರಿಂಟರ್ ವಿಷಯದ್ದೇ ಜಾಸ್ತಿ ಇತ್ತು. ಅದರಲ್ಲಿ ನಾಲ್ಕು ತಗೊಂಡಿದೀನಿ, ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಯಾಕಂದ್ರೆ ಹೆಚ್ಚು ಮನೆಗಳ ಕತೆ ಅದೇ.

ಪ್ರಶ್ನೆ: ನಮ್ಮದು ದಾವಣಗೆರೆ ವಿದ್ಯಾನಗರ. ನಾನು ಸರ್ಕಾರಿ ಶಾಲೆ ಟೀಚರ್, ಮನೆಯವರು ಅಂಗಡಿಗಳ ಲೆಕ್ಕ ಬರೀತಾರೆ, ಮಗಳು ಡಿಗ್ರಿ ಓದ್ತಿದ್ದಾಳೆ. ಮೂರು ಜನಕ್ಕೂ ಒಂದೊಂದು ಕಂಪ್ಯೂಟರ್ ಇದೆ, ಪ್ರಿಂಟರ್ ಮಾತ್ರ ಒಂದೇ, ಮನೆಯವರ ಡೆಸ್ಕ್‌ಟಾಪಿಗೆ ಯುಎಸ್‌ಬಿ ವೈರಲ್ಲಿ ಹಾಕಿರೋ ಹಳೇ ಲೇಸರ್ ಪ್ರಿಂಟರ್. ನಾನು ಪ್ರಶ್ನೆಪತ್ರಿಕೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಅವರ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡ ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆ ಸೇರಿ ಏನೇನೋ ಆಗಿ ಕಾಣುತ್ತೆ. ಜೆರಾಕ್ಸ್ ಅಂಗಡಿಗೆ ಪ್ರಶ್ನೆಪತ್ರಿಕೆ ಕೊಡೋಕೆ ಮನಸ್ಸಿಲ್ಲ. ಇನ್ನೊಂದು ಪ್ರಿಂಟರ್ ತಗೊಳ್ಳೋದಾ?

ಉತ್ತರ: ಬೇಡ ಮೇಡಂ, ತಗೋಬೇಡ್ರಿ. ಹಳೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಅಂದ್ರೆ ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಇದ್ದಂಗೆ, ಕಲಾಯಿ ಹಾಕ್ಸಿದ್ರೆ ಮತ್ತೆ ಬಳಕೆಗೆ ಬರುತ್ತೆ. ಟೋನರ್ ರೀಫಿಲ್ ಮಾಡಿಸ್ತಾ ಹೋದ್ರೆ ಮೂರೂ ಜನಕ್ಕೆ ಅದೊಂದೇ ಸಾಕು.

ಮೊದಲು ಆ ಅಕ್ಷರದ ವಿಷಯ ಹೇಳ್ಬಿಡ್ತೀನಿ. ನುಡಿಯ ಹಳೇ ಫಾಂಟುಗಳು ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಗೊತ್ತಿರೋ ಅಕ್ಷರ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿರೋ ಫಾಂಟು ಅವು, ಹಂಗಾಗಿ ಆ ಫಾಂಟು ಇಲ್ಲದ ಕಂಪ್ಯೂಟರಲ್ಲಿ ಫೈಲ್ ತೆಗೆದ್ರೆ ಕನ್ನಡ ಮಾಯ ಆಗಿ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತೆ. ನಿಮ್ಮ ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಪ್ರಿಂಟರ್ ಶೇರ್ ಮಾಡ್ಕೊಂಡ್ರೆ ನೀವು ನಿಮ್ಮ ಲ್ಯಾಪ್‌ಟಾಪಿಂದಲೇ ಪ್ರಿಂಟ್ ಕೊಡ್ತೀರಿ, ಪುಟ ತಯಾರಾಗೋದೂ ನಿಮ್ಮ ಲ್ಯಾಪ್‌ಟಾಪಲ್ಲೇ, ಅಲ್ಲಿ ಫಾಂಟು ಇರೋದ್ರಿಂದ ಕನ್ನಡ ಕನ್ನಡವಾಗೇ ಬರುತ್ತೆ. ಇನ್ನೊಂದು ಲಾಭ ಏನಂದ್ರೆ ಪೆನ್‌ಡ್ರೈವ್ ಓಡಾಟ ನಿಲ್ಲುತ್ತೆ. ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿಹೋಗೋ ಆ ವೈರಸ್ ನಮ್ಮೂರಲ್ಲಿ ಎಷ್ಟು ಮನೆ ಸುತ್ತಿದೆ ಅಂತ ನಾನು ಕಣ್ಣಾರೆ ನೋಡಿದೀನಿ, ಅದು ಬರೋದು ಪೆನ್‌ಡ್ರೈವಿಂದಲೇ.

ಈಗ ಕೆಲಸಕ್ಕೆ ಬರೋಣ. ಮೂರು ಕಂಪ್ಯೂಟರೂ ಒಂದೇ ರೂಟರಿನಲ್ಲಿ ಇರಬೇಕು, ಇದು ಮೊದಲ ಮಾತು. ಮಗಳ ಲ್ಯಾಪ್‌ಟಾಪ್ ಅವಳ ಫೋನಿನ ಹಾಟ್‌ಸ್ಪಾಟಲ್ಲಿ ಇದ್ರೆ ಏನು ಮಾಡಿದ್ರೂ ಪ್ರಿಂಟರ್ ಕಾಣಲ್ಲ, ಎಷ್ಟೋ ಮನೆಯಲ್ಲಿ ಇದನ್ನ ನೋಡದೇನೇ ದಿನಗಟ್ಟಲೆ ಒದ್ದಾಡ್ತಾರೆ. ಆಮೇಲೆ ಮನೆಯವರ ಡೆಸ್ಕ್‌ಟಾಪಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸಿಗೆ ಹೋಗಿ ಮನೆಯ ನೆಟ್‌ವರ್ಕನ್ನ ಪಬ್ಲಿಕ್ ಇಂದ ಪ್ರೈವೇಟ್‌ಗೆ ಬದಲಾಯಿಸ್ರಿ. ಪಬ್ಲಿಕ್ ಅಂತ ಇದ್ರೆ ವಿಂಡೋಸ್ ಅದನ್ನ ಬಸ್‌ಸ್ಟ್ಯಾಂಡ್ ವೈಫೈ ಅಂತ ತಿಳ್ಕೊಂಡು ಕಂಪ್ಯೂಟರನ್ನ ಬೇರೆಯವರ ಕಣ್ಣಿಂದ ಮುಚ್ಚಿಡುತ್ತೆ. ಅಲ್ಲೇ ಅಡ್ವಾನ್ಸ್‌ಡ್ ಶೇರಿಂಗ್ ಅನ್ನೋ ಕಡೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡ್ರಿ. ವಿಂಡೋಸ್ 7 ಕಾಲದಲ್ಲಿ ಹೋಮ್‌ಗ್ರೂಪ್ ಅಂತ ಒಂದು ಸುಲಭದ ದಾರಿ ಇತ್ತು, ಅದನ್ನ ಹುಡುಕ್ತಾ ಕೂರಬೇಡ್ರಿ, 2018ರ ವಿಂಡೋಸ್ 10 ಅಪ್‌ಡೇಟಲ್ಲೇ ಅದನ್ನ ತೆಗೆದುಬಿಟ್ರು.

ಆಮೇಲೆ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ ನಿಮ್ಮ ಪ್ರಿಂಟರ್ ಒತ್ತಿ ಪ್ರಿಂಟರ್ ಪ್ರಾಪರ್ಟೀಸ್ ತೆಗೀರಿ. ಅದರ ಪಕ್ಕದಲ್ಲೇ ಪ್ರಿಂಟಿಂಗ್ ಪ್ರಿಫರೆನ್ಸಸ್ ಅಂತಾನೂ ಇರುತ್ತೆ, ಅದು ಬೇರೆ, ಕಾಗದದ ಅಳತೆ ಬದಲಾಯಿಸೋಕೆ ಇರೋದು. ಪ್ರಾಪರ್ಟೀಸಲ್ಲಿ ಶೇರಿಂಗ್ ಅನ್ನೋ ಟ್ಯಾಬ್ ಐತೆ, ಅಲ್ಲಿ ಟಿಕ್ ಹಾಕಿ ಒಂದು ಸಣ್ಣ ಹೆಸರು ಕೊಡ್ರಿ, ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದಂಗೆ. ಡೆಸ್ಕ್‌ಟಾಪಿನ ಹೆಸರು ಸೆಟ್ಟಿಂಗ್ಸಿನ ಅಬೌಟ್ ಪುಟದಲ್ಲಿ ಸಿಗುತ್ತೆ, ಒಂದು ಚೀಟಿ ಮೇಲೆ ಬರ್ಕೊಳ್ಳಿ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಮೊದಲು ಆ ಪ್ರಿಂಟರಿನ ಡ್ರೈವರ್ ಅನ್ನ (ಕಂಪ್ಯೂಟರಿಗೆ ಪ್ರಿಂಟರ್ ಜೊತೆ ಮಾತಾಡೋಕೆ ಕಲಿಸೋ ತಂತ್ರಾಂಶ) ಕಂಪನಿ ವೆಬ್‌ಸೈಟಿಂದ ಇಳಿಸಿ ಹಾಕ್ಕೊಂಡಿರ್ರಿ. ಮುಂಚೆ ಡ್ರೈವರ್ ತಾನಾಗೇ ಡೆಸ್ಕ್‌ಟಾಪಿಂದ ಬರ್ತಿತ್ತು, 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ವಿಂಡೋಸಿನ ಭದ್ರತೆಯಲ್ಲಿ ಒಂದು ದೊಡ್ಡ ತೂತು ಸಿಕ್ಕಮೇಲೆ ಮೈಕ್ರೋಸಾಫ್ಟ್ ಅದಕ್ಕೆ ಬಿಗಿ ಮಾಡಿದೆ, ಈಗ ಅಡ್ಮಿನ್ ಅನುಮತಿ ಕೇಳುತ್ತೆ. ಡ್ರೈವರ್ ಹಾಕಿದಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಡಬ್ಬಿಯಲ್ಲಿ ಎರಡು ಬ್ಯಾಕ್‌ಸ್ಲಾಶ್ (\\) ಹಾಕಿ ಡೆಸ್ಕ್‌ಟಾಪಿನ ಹೆಸರು ಟೈಪ್ ಮಾಡಿ ಎಂಟರ್ ಕೊಡ್ರಿ. ಪ್ರಿಂಟರ್ ಚಿತ್ರ ಕಾಣುತ್ತೆ, ಎರಡು ಸಲ ಕ್ಲಿಕ್ ಮಾಡಿದ್ರೆ ಸೇರ್ಕೊಳ್ಳುತ್ತೆ.

ಇಲ್ಲಿ ಯೂಸರ್‌ನೇಮು ಪಾಸ್‌ವರ್ಡು ಕೇಳ್ತು ಅಂದ್ರೆ ಅಲ್ಲೇ ಮುಕ್ಕಾಲು ಪಾಲು ಜನ ಸೋಲೋದು. ಪಿ.ಜೆ. ಬಡಾವಣೆಯಲ್ಲಿರೋ ನಮ್ಮ ಅತ್ತಿಗೆ ಮನೆಯಲ್ಲಿ ಒಂದು ರಾತ್ರಿ ಊಟ ಆದಮೇಲೆ ಕೂತಿದ್ವಿ, ಅತ್ತಿಗೆ ದಿನಾ ಕಂಪ್ಯೂಟರ್ ತೆಗೆಯೋ ನಾಲ್ಕಂಕಿ ಪಿನ್ ಹಾಕ್ತಾರೆ, ತಪ್ಪು ಅನ್ನುತ್ತೆ, ಮತ್ತೆ ಹಾಕ್ತಾರೆ, ಮತ್ತೆ ತಪ್ಪು, "ಇದೇ ಕಣಪ್ಪಾ ನಂದು, ಬೆಳಗ್ಗೆನೂ ಇದೇ ಹಾಕಿದೀನಿ" ಅಂತ ಅವರು. ಅವರ ತಪ್ಪಲ್ಲ ಅದು. ಪಿನ್ ಅನ್ನೋದು ಆ ಒಂದು ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ ನಡೆಯೋದು, ನೆಟ್‌ವರ್ಕ್ ಮೇಲೆ ಬೇರೆ ಕಂಪ್ಯೂಟರಿಂದ ಬರೋರಿಗೆ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಟ್ಟಿಲ್ಲ ಅಂದ್ರೂ ಆಗಲ್ಲ, ಖಾಲಿ ಪಾಸ್‌ವರ್ಡಿನ ಅಕೌಂಟನ್ನ ವಿಂಡೋಸ್ ನೆಟ್‌ವರ್ಕಿಂದ ಒಳಗೆ ಬಿಡಲ್ಲ. ಅದಕ್ಕೆ ಸುಲಭದ ದಾರಿ ಏನಂದ್ರೆ ಡೆಸ್ಕ್‌ಟಾಪಲ್ಲಿ ಪ್ರಿಂಟಿಗೆ ಅಂತಾನೇ ಒಂದು ಲೋಕಲ್ ಯೂಸರ್ ಮಾಡಿ, ಅಡ್ಮಿನ್ ಅಧಿಕಾರ ಕೊಡಬೇಡ್ರಿ, ಒಂದು ಪಾಸ್‌ವರ್ಡ್ ಇಟ್ಟು ಅದನ್ನ ನಿಮ್ಮ ಲ್ಯಾಪ್‌ಟಾಪಲ್ಲಿ ಒಂದೇ ಒಂದು ಸಲ ಹಾಕಿ ನೆನಪಿಟ್ಕೋ ಅನ್ನೋದಕ್ಕೆ ಟಿಕ್ ಕೊಡ್ರಿ, ಮುಗೀತು. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅನ್ನೋದನ್ನೇ ಆಫ್ ಮಾಡಿಬಿಡಿ ಅಂತ ಹೇಳೋರು ಇದ್ದಾರೆ, ಮನೆಯವರ ಡೆಸ್ಕ್‌ಟಾಪಲ್ಲಿ ಊರ ಅಂಗಡಿಗಳ ಲೆಕ್ಕ ಇದೆ ಅಂತೀರಿ, ದಯವಿಟ್ಟು ಹಂಗೆ ಮಾಡಬೇಡ್ರಿ.

ಕೆಲವರಿಗೆ ಸೊನ್ನೆಗಳ ಸಾಲು ಹಾಕಿ ಕೊನೆಗೆ 11ಬಿ ಅಂತ ಮುಗಿಯೋ ಎರರ್ ನಂಬರ್ ಬರುತ್ತೆ. 2021ರ ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ ಶುರುವಾದ ಕಾಟ ಇದು, ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗದೇ ಇದ್ರೆ ಎರಡರ ಮಾತು ಕೂಡಲ್ಲ. ಎರಡೂ ಕಂಪ್ಯೂಟರಿಗೆ ಪೂರ್ತಿ ಅಪ್‌ಡೇಟ್ ಹಾಕಿ ನೋಡ್ರಿ. ಆಗಲೂ ಬಗ್ಗದಿದ್ರೆ ಲ್ಯಾಪ್‌ಟಾಪಲ್ಲಿ ಆಡ್ ಪ್ರಿಂಟರ್‌ಗೆ ಹೋಗಿ ಲೋಕಲ್ ಪ್ರಿಂಟರ್ ಅಂತಾನೇ ಆರಿಸಿ, ಹೊಸ ಪೋರ್ಟ್ ಮಾಡು ಅನ್ನೋ ಕಡೆ ಲೋಕಲ್ ಪೋರ್ಟ್ ಇಟ್ಟು, ಪೋರ್ಟಿನ ಹೆಸರಿನ ಜಾಗದಲ್ಲಿ ಎರಡು ಬ್ಯಾಕ್‌ಸ್ಲಾಶ್, ಡೆಸ್ಕ್‌ಟಾಪಿನ ಹೆಸರು, ಒಂದು ಬ್ಯಾಕ್‌ಸ್ಲಾಶ್, ಪ್ರಿಂಟರಿಗೆ ಕೊಟ್ಟ ಹೆಸರು, ಇಷ್ಟು ಟೈಪ್ ಮಾಡ್ರಿ, ಡ್ರೈವರ್ ಪಟ್ಟಿಯಿಂದ ಆರಿಸ್ರಿ. ಬಳಸು ದಾರಿ ಆದ್ರೂ ಊರು ಸೇರಿಸುತ್ತೆ. ವಿಂಡೋಸಿನ ಒಳ ಸೆಟ್ಟಿಂಗ್ಸ್ ಇರೋ ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಸೊನ್ನೆ ಮಾಡಿದ್ರೆ ಸರಿ ಹೋಗುತ್ತೆ ಅಂತ ವಿಡಿಯೋಗಳಲ್ಲಿ ತೋರಿಸ್ತಾರಲ್ಲ, ಆಗುತ್ತೆ ನಿಜ, ಆದ್ರೆ ಅದು ಆ ಅಪ್‌ಡೇಟ್ ಮುಚ್ಚಿದ ತೂತನ್ನೇ ವಾಪಸ್ ತೆಗೆದಿಟ್ಟಂಗೆ, ನಾನಂತೂ ಯಾರ ಮನೆಯಲ್ಲೂ ಮಾಡಿಕೊಡಲ್ಲ.

ಈ ವ್ಯವಸ್ಥೆಗೆ ಒಂದು ದೊಡ್ಡ ಕೊರತೆ ಐತೆ, ಡೆಸ್ಕ್‌ಟಾಪ್ ಆನ್ ಇದ್ರೆ ಮಾತ್ರ ನಿಮಗೆ ಪ್ರಿಂಟು. ಸ್ಲೀಪಿಗೆ ಹೋದ್ರೂ ಇಲ್ಲ. ಪವರ್ ಸೆಟ್ಟಿಂಗ್ಸಲ್ಲಿ ಸ್ಕ್ರೀನ್ ಆಫ್ ಆಗಲಿ, ಸ್ಲೀಪ್ ಮಾತ್ರ ನೆವರ್ ಅಂತ ಇಡ್ರಿ, ಮನೆಯವರು ಹೊರಗೆ ಹೋಗುವಾಗ ಶಟ್‌ಡೌನ್ ಮಾಡದಂಗೆ ಒಂದು ಮಾತು ಹೇಳ್ರಿ. ಮತ್ತೆ ಯಾರದೋ ಒಂದು ಪ್ರಿಂಟು ಮಧ್ಯದಲ್ಲಿ ಸಿಕ್ಕಾಕ್ಕೊಂಡ್ರೆ ಹಿಂದಿನವರದ್ದೆಲ್ಲಾ ಸಾಲಾಗಿ ನಿಲ್ಲುತ್ತೆ, ಆಗ ಡೆಸ್ಕ್‌ಟಾಪಲ್ಲಿ ಸರ್ವಿಸಸ್‌ಗೆ ಹೋಗಿ ಪ್ರಿಂಟುಗಳ ಸಾಲು ನೋಡಿಕೊಳ್ಳೋ ಪ್ರಿಂಟ್ ಸ್ಪೂಲರ್ ಅನ್ನೋದನ್ನ ಸ್ಟಾಪ್ ಮಾಡಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅಂತ ಇರೋ ಫೋಲ್ಡರಲ್ಲಿರೋ ಫೈಲುಗಳನ್ನ ಅಳಿಸಿ, ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡ್ರಿ. ಆ ಫೋಲ್ಡರ್ ಬಿಟ್ಟು ಅಕ್ಕಪಕ್ಕದ್ದು ಮುಟ್ಟಬೇಡ್ರಿ.

ರೂಟರಿನ ಹಿಂದೆ ಯುಎಸ್‌ಬಿ ತೂತು ಇದೆಯಲ್ಲ, ಪ್ರಿಂಟರನ್ನ ಅದಕ್ಕೇ ಹಾಕಿದ್ರೆ ಡೆಸ್ಕ್‌ಟಾಪ್ ಗೋಜೇ ಇರಲ್ಲ ಅಲ್ವಾ ಅಂತ ಕೇಳಬಹುದು. ಕೆಲವು ರೂಟರಲ್ಲಿ ಆಗುತ್ತೆ, ಆದ್ರೆ ನಮ್ಮ ಕಡೆ ಮನೆಮನೆಯಲ್ಲಿರೋ ಸಣ್ಣ ಲೇಸರ್ ಪ್ರಿಂಟರುಗಳು ಸ್ವಂತ ಬುದ್ಧಿ ಕಡಿಮೆ ಇರೋವು, ಪುಟ ಬಿಡಿಸೋ ಕೆಲಸ ಎಲ್ಲಾ ಕಂಪ್ಯೂಟರಿನ ಡ್ರೈವರೇ ಮಾಡಿಕೊಡಬೇಕು. ಎಚ್‌ಪಿ ಲೇಸರ್‌ಜೆಟ್ 1020 ನೋಡ್ರಿ, ಅದು ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರಿಂದ ಫರ್ಮ್‌ವೇರ್ (ಪ್ರಿಂಟರಿನ ಒಳಗೆ ನಡೆಯೋ ತಂತ್ರಾಂಶ) ಕಳಿಸಿಕೊಟ್ಟ ಮೇಲೇನೇ ಎದ್ದು ಕೂರೋದು. ಕ್ಯಾನನ್ ಎಲ್‌ಬಿಪಿ 2900 ಕೂಡ ಕಂಪ್ಯೂಟರಿನ ಡ್ರೈವರನ್ನೇ ನೆಚ್ಚಿಕೊಂಡಿರೋದು. ಇಂಥವನ್ನ ಬರೀ ರೂಟರಿಗೆ ಚುಚ್ಚಿದ್ರೆ ಬಹಳ ಸಲ ಸುಮ್ಮನೆ ಕೂರ್ತಾವೆ. ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಿಗೆ ಲಿನಕ್ಸು, ಪ್ರಿಂಟರ್ ಹಂಚೋ ಕಪ್ಸ್ ಅನ್ನೋ ತಂತ್ರಾಂಶ ಹಾಕಿ ಪ್ರಿಂಟರಿನ ಪಕ್ಕ ಇಟ್ರೆ ಅದು ದಿನವಿಡೀ ಆನ್ ಇದ್ರೂ ಕರೆಂಟ್ ಬಿಲ್ಲಿಗೆ ಭಾರ ಅಲ್ಲ, ಫೋನಿಂದಲೂ ಪ್ರಿಂಟ್ ಕೊಡಬಹುದು, 1020ಕ್ಕೆ ಅದರಲ್ಲಿ ಡ್ರೈವರ್ ಸಿಗುತ್ತೆ. ಆದ್ರೆ 2900ಕ್ಕೆ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್ ಥರದ ಪ್ರೊಸೆಸರಿಗೆ ಮಾಡಿದ್ದು, ಪೈಗೆ ಹೊಂದಲ್ಲ. ದುಡ್ಡು ಹಾಕೋ ಮುಂಚೆ ನಿಮ್ಮ ಮಾಡೆಲ್ ನಂಬರ್ ಹಿಡ್ಕೊಂಡು ವಿಚಾರಿಸ್ರಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೋಟೆ ಕಡೆ ನಮ್ಮ ಹಳೇ ಮನೆ, ಕಲ್ಲಿನ ದಪ್ಪ ಗೋಡೆ. ವೈಫೈ ಇರೋ ಇಂಕ್‌ಟ್ಯಾಂಕ್ ಪ್ರಿಂಟರ್ ತಗೊಂಡು ಎಂಟು ತಿಂಗಳು. ಕರೆಂಟ್ ಹೋಗಿ ಬಂದಾಗಲೆಲ್ಲಾ ನನ್ನ ಕಂಪ್ಯೂಟರಲ್ಲಿ ಆಫ್‌ಲೈನ್ ಅಂತ ತೋರಿಸುತ್ತೆ, ತಮ್ಮನ ಕಂಪ್ಯೂಟರಲ್ಲಿ ಪ್ರಿಂಟ್ ಆಗುತ್ತೆ, ಫೋನಿಂದಲೂ ಆಗುತ್ತೆ. ರಿಪೇರಿಯವರು ವೈಫೈ ಬೋರ್ಡ್ ಹೋಗಿದೆ, ಬದಲಾಯಿಸಬೇಕು ಅಂತಿದ್ದಾರೆ. ಮಹಡಿ ಮೇಲೆ ಇನ್ನೊಂದು ರೂಟರ್ ಹಾಕಿದ್ವಿ, ಅಲ್ಲಿಂದ ಯಾರಿಗೂ ಪ್ರಿಂಟ್ ಆಗಲ್ಲ.

ಉತ್ತರ: ಬೋರ್ಡ್ ಬದಲಾಯಿಸಬೇಡಿ ಸರ್! ಬೋರ್ಡ್ ಹೋಗಿದ್ರೆ ಫೋನಿಂದ ಹೆಂಗೆ ಬರ್ತಿತ್ತು? ನೀವೇ ಬರೆದಿರೋ ಆ ಒಂದು ಸಾಲಲ್ಲೇ ರೋಗದ ಗುರುತು ಐತೆ.

ರೂಟರ್ ಮನೆಯಲ್ಲಿರೋ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಹಂಚುತ್ತೆ, 192.168.1.5, 192.168.1.6 ಹಿಂಗೆ. ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗ ಬಹಳಷ್ಟು ರೂಟರುಗಳು ಯಾರು ಮೊದಲು ಬಂದ್ರೋ ಅವರಿಗೆ ಅಂತ ಹೊಸದಾಗಿ ಹಂಚ್ತಾವೆ, ನಿನ್ನೆ 5 ಇದ್ದ ಪ್ರಿಂಟರ್ ಇವತ್ತು 8 ಆಗಿರುತ್ತೆ. ಫೋನು ಪ್ರತಿ ಸಲ "ಇಲ್ಲಿ ಪ್ರಿಂಟರ್ ಯಾರಿದೀರಿ" ಅಂತ ಕೂಗಿ ಕೇಳುತ್ತೆ, ಅದಕ್ಕೇ ಸಿಗುತ್ತೆ. ನಿಮ್ಮ ಕಂಪ್ಯೂಟರು ಹಳೇ ವಿಳಾಸನೇ ಹಿಡ್ಕೊಂಡು ಆ ಬಾಗಿಲು ಬಡೀತಾ ಇದೆ, ಒಳಗೆ ಯಾರೂ ಇಲ್ಲ, ಆಫ್‌ಲೈನ್ ಅಂತ ಬರೀತಾ ಇದೆ. ತಮ್ಮನ ಕಂಪ್ಯೂಟರಲ್ಲಿ ಪ್ರಿಂಟರನ್ನ ವಿಳಾಸದ ಬದಲು ಹೆಸರಿಂದ ಸೇರಿಸಿರಬೇಕು, ಅದಕ್ಕೆ ಅದು ತಪ್ಪಿಸ್ಕೊಂಡಿದೆ.

ಪ್ರಿಂಟರಿಗೆ ಒಂದು ಕಾಯಂ ವಿಳಾಸ ಕೊಡಬೇಕು, ಅಷ್ಟೇ ಔಷಧ. ಪ್ರಿಂಟರಿನ ಮೆನುವಿಂದ ನೆಟ್‌ವರ್ಕ್ ಪುಟ ಪ್ರಿಂಟ್ ತೆಗೀರಿ, ಅದರಲ್ಲಿ ಮ್ಯಾಕ್ ಅಡ್ರೆಸ್ ಅಂತ ಹನ್ನೆರಡು ಅಕ್ಷರ-ಅಂಕಿ ಇರುತ್ತೆ. ಬ್ರೌಸರಲ್ಲಿ ರೂಟರಿನ ಪುಟ ತೆಗೀರಿ, ಸಾಮಾನ್ಯವಾಗಿ 192.168.1.1, ಜಿಯೋ ಫೈಬರ್ ಇದ್ರೆ 192.168.29.1, ಅಲ್ಲಿ ಲ್ಯಾನ್ ಅಥವಾ ಡಿಎಚ್‌ಸಿಪಿ (ವಿಳಾಸ ಹಂಚೋ ವ್ಯವಸ್ಥೆ) ಅನ್ನೋ ಕಡೆ ಅಡ್ರೆಸ್ ರಿಸರ್ವೇಶನ್ ಇರುತ್ತೆ, ಆ ಮ್ಯಾಕ್ ಹಾಕಿ ಕೊನೆಗೆ 50 ಇರೋ ಒಂದು ವಿಳಾಸ ಕಟ್ಟಿಬಿಡ್ರಿ. ಪ್ರಿಂಟರ್ ಆಫ್ ಮಾಡಿ ಆನ್ ಮಾಡ್ರಿ. ಈಗ ನಿಮ್ಮ ಕಂಪ್ಯೂಟರಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್ ಟ್ಯಾಬ್, ಆಡ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ಆ ಹೊಸ ವಿಳಾಸ. ಪೋರ್ಟ್ ಸೇರಿಸಿದಮೇಲೆ ಕಾನ್ಫಿಗರ್ ಒತ್ತಿ ಎಸ್‌ಎನ್‌ಎಂಪಿ ಸ್ಟೇಟಸ್ ಅನ್ನೋ ಟಿಕ್ ತೆಗೆದುಬಿಡ್ರಿ, ಅದು ಪ್ರಿಂಟರ್ ಚೆನ್ನಾಗಿದ್ರೂ ಕೆಲವು ಸಲ ಆಫ್‌ಲೈನ್ ಅಂತ ಸುಳ್ಳು ಹೇಳುತ್ತೆ.

ಇನ್ನೊಂದು ಸಣ್ಣ ವಿಷಯ, ಕರೆಂಟ್ ಬಂದ ತಕ್ಷಣ ಪ್ರಿಂಟರ್ ಬೇಗ ಏಳುತ್ತೆ, ರೂಟರ್ ಏಳೋಕೆ ಒಂದೆರಡು ನಿಮಿಷ ಹಿಡಿಯುತ್ತೆ, ಅಷ್ಟರಲ್ಲಿ ಪ್ರಿಂಟರ್ ವೈಫೈ ಹುಡುಕಿ ಸಿಗದೇ ಸುಮ್ಮನಾಗಿರುತ್ತೆ. ರೂಟರಿನ ದೀಪ ಎಲ್ಲಾ ಹತ್ತಿದಮೇಲೆ ಪ್ರಿಂಟರ್ ಒಂದು ಸಲ ಆಫ್-ಆನ್ ಮಾಡ್ರಿ. ರೂಟರಿಗೆ ಅಂತಾನೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತೆ, ನಿಮ್ಮಂಥ ಮನೆಗೆ ಅದು ಬಹಳ ಉಪಕಾರ, ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ನೋಡಿ ತಗೊಳ್ಳಿ.

ಮಹಡಿ ಮೇಲಿನ ರೂಟರ್ ಕತೆ ಬೇರೆ. ಕೆಳಗಿನ ರೂಟರಿಂದ ಬಂದ ಕೇಬಲನ್ನ ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಹಾಕೋ) ತೂತಿಗೆ ಹಾಕಿರ್ತೀರಿ, ಹಂಗೆ ಹಾಕಿದ್ರೆ ಮೇಲೆ ಬೇರೇನೇ ಒಂದು ಓಣಿ ಆಗುತ್ತೆ. ಕೆಳಗಿನವರ ವಿಳಾಸ 192.168.1, ಮೇಲಿನವರದ್ದು 192.168.0, ಮೇಲಿನವರು ಪ್ರಿಂಟರ್ ಎಲ್ಲಿ ಅಂತ ಕೂಗಿದ್ರೆ ಅದು ಕೆಳಗಿನ ಓಣಿಗೆ ದಾಟಲ್ಲ. ಮೇಲಿನದ್ದನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕ್ರಿ, ಆಗ ಅದು ಕೆಳಗಿನ ನೆಟ್‌ವರ್ಕನ್ನೇ ವೈಫೈ ಆಗಿ ಹಂಚುತ್ತೆ. ಆ ಮೋಡ್ ಇಲ್ಲದ ಹಳೇ ರೂಟರಾದ್ರೆ ಅದರ ವಿಳಾಸ 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನ ವ್ಯಾನ್ ಬಿಟ್ಟು ಲ್ಯಾನ್ ತೂತಿಗೆ ಹಾಕ್ರಿ. ಆಗ ಮನೆಯೆಲ್ಲಾ ಒಂದೇ ಓಣಿ. ಮನೆ ಪ್ರಿಂಟರುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯೋದು, ನಿಮ್ಮ ಕಲ್ಲಿನ ಗೋಡೆಗೂ ಅದೇ ಒಳ್ಳೇದು, 5 ಗಿಗಾಹರ್ಟ್ಸ್ ಗೋಡೆ ದಾಟೋದ್ರಲ್ಲಿ ಸೋಮಾರಿ. ಪ್ರಿಂಟರಿಗೆ ಲ್ಯಾನ್ ತೂತು ಇದ್ರೆ ವೈಫೈ ಬಿಟ್ಟು ಕೇಬಲ್ಲೇ ಎಳೀರಿ, ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ನಡೆಯುತ್ತೆ. ಯುಎಸ್‌ಬಿ ವೈರ್ ಆದ್ರೆ 5 ಮೀಟರ್ ದಾಟಿಸಬಾರದು.

ಪ್ರಶ್ನೆ: ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಲ್ಲಿ ನಾಲ್ಕು ಜನ ಇಂಜಿನಿಯರಿಂಗ್ ಹುಡುಗರು ರೂಮ್ ಮಾಡ್ಕೊಂಡಿದೀವಿ, ದುಡ್ಡು ಕೂಡಿಸಿ ವೈಫೈ ಪ್ರಿಂಟರ್ ತಗೊಂಡಿದೀವಿ. ನಾವು ಕೊಡದೇನೇ ಎರಡು ಸಲ ಯಾರದೋ ಪ್ರಿಂಟ್ ಬಂದಿದೆ. ಬೇರೆಯವರು ಹೆಂಗೆ ಕೊಡ್ತಿದ್ದಾರೆ?

ಉತ್ತರ: ಎರಡು ದಾರಿ ಇರಬಹುದು ನೋಡ್ರಪ್ಪಾ. ನಿಮ್ಮ ವೈಫೈ ಪಾಸ್‌ವರ್ಡ್ ಅಕ್ಕಪಕ್ಕದ ರೂಮಿಗೆ ಹೋಗಿದ್ರೆ ಅವರ ಫೋನಲ್ಲೂ ನಿಮ್ಮ ಪ್ರಿಂಟರ್ ಕಾಣುತ್ತೆ, ಪಾಸ್‌ವರ್ಡ್ ಬದಲಾಯಿಸಿ ನಾಲ್ಕೇ ಜನ ಇಟ್ಕೊಳ್ಳಿ, ಬಂದು ಹೋಗೋ ಸ್ನೇಹಿತರಿಗೆ ಗೆಸ್ಟ್ ನೆಟ್‌ವರ್ಕ್ ಕೊಡ್ರಿ, ಸಾಮಾನ್ಯವಾಗಿ ಗೆಸ್ಟಿಂದ ಪ್ರಿಂಟರ್ ಕಾಣಲ್ಲ. ಎರಡನೇದು ವೈಫೈ ಡೈರೆಕ್ಟ್, ಪ್ರಿಂಟರ್ ತಾನೇ ಒಂದು ಸಣ್ಣ ವೈಫೈ ಬಿಡ್ತಾ ಇರುತ್ತೆ, ಅದರ ಪಾಸ್‌ವರ್ಡ್ ಕೆಲವು ಮಾಡೆಲಲ್ಲಿ 12345678 ಅಂತಾನೇ ಬಂದಿರುತ್ತೆ. ಅದನ್ನ ಆಫ್ ಮಾಡ್ರಿ, ಇಲ್ಲಾ ಪಾಸ್‌ವರ್ಡ್ ಬದಲಾಯಿಸ್ರಿ. ಬ್ರೌಸರಲ್ಲಿ ಪ್ರಿಂಟರಿನ ಐಪಿ ಹಾಕಿದ್ರೆ ಅದರದ್ದೇ ಪುಟ ತೆಗೆಯುತ್ತೆ, ಅದಕ್ಕೂ ಅಡ್ಮಿನ್ ಪಾಸ್‌ವರ್ಡ್ ಇಡ್ರಿ. ಪರೀಕ್ಷೆ ರಜೆಗೆ ಎಲ್ಲರೂ ಊರಿಗೆ ಹೋಗ್ತೀರಲ್ಲ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿಟ್ರೆ ಇಂಕ್ ಒಣಗಿ ನಾಝಲ್ (ಇಂಕ್ ಬರೋ ಸಣ್ಣ ತೂತು) ಕಟ್ಟುತ್ತೆ, ದಾವಣಗೆರೆಯಲ್ಲೇ ಇರೋ ಒಬ್ಬರಿಗೆ ಹೇಳಿ ವಾರಕ್ಕೊಂದು ಬಣ್ಣದ ಪುಟ ತೆಗೆಸ್ತಾ ಇರ್ರಿ.

ಪ್ರಶ್ನೆ: ಲೇಸರ್ ಪ್ರಿಂಟರನ್ನ ಕಂಪ್ಯೂಟರಿನ ಯುಪಿಎಸ್‌ಗೇ ಹಾಕಬಹುದಾ? ಹೊಳಲ್ಕೆರೆಯಿಂದ ಕೇಳ್ತಿದೀನಿ.

ಉತ್ತರ: ಹಾಕಬೇಡಿ. ಲೇಸರ್ ಪ್ರಿಂಟರಲ್ಲಿ ಪುಡಿಯನ್ನ ಕಾಗದಕ್ಕೆ ಕರಗಿಸಿ ಅಂಟಿಸೋ ಫ್ಯೂಸರ್ ಅನ್ನೋ ಬಿಸಿ ರೋಲರ್ ಇರುತ್ತೆ, ಅದು ಕಾಯೋ ಹೊತ್ತಲ್ಲಿ ಇಸ್ತ್ರಿಪೆಟ್ಟಿಗೆ ಥರ ಒಮ್ಮೆಲೇ ಕರೆಂಟ್ ಎಳೆಯುತ್ತೆ, ಕೋಣೆಯ ಬಲ್ಬು ಒಂದು ಕ್ಷಣ ಮಂಕಾಗೋದು ನೋಡಿರ್ತೀರಿ. 600 ವಿಎ ಯುಪಿಎಸ್ ಅದನ್ನ ತಡೆಯಲ್ಲ, ಕಂಪ್ಯೂಟರನ್ನೂ ಸೇರಿಸಿ ಆಫ್ ಮಾಡುತ್ತೆ. ಪ್ರಿಂಟರನ್ನ ಅರ್ಥಿಂಗ್ ಸರಿ ಇರೋ ಗೋಡೆ ಪ್ಲಗ್ಗಿಗೆ ನೇರ ಹಾಕ್ರಿ, ಯುಪಿಎಸ್ ಕಂಪ್ಯೂಟರಿಗೂ ರೂಟರಿಗೂ ಇರಲಿ.